ಅತ್ತೆಯ ಹನ್ನೊಂದು ಗಿಡಗಳು

ಶಾಂತಿಗ್ರಾಮ ದಾಟುವುದರೊಳಗೆ ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಕೆಟ್ಟು ನಿಂತ ಹೊತ್ತಿಗೆ ಸರಿಯಾಗಿ ಮಳೆ ಸುರಿದು, ನನ್ನ ತೊಡೆಯ ಮೇಲಿದ್ದ ತಗಡಿನ ಕೊಳವೆಯ ಮುಚ್ಚಳದ ಸಂದಿಯಿಂದ ನೀರಿಳಿದು, ಒಳಗಿದ್ದ ಹನ್ನೊಂದು ಚಿತ್ರಗಳೂ ಕರಗಿ ಒಂದೇ ಸೊಪ್ಪಿನ ಸಾರಾಗಬಹುದಿತ್ತು. ಮಳೆ ಬರದಿದ್ದರೆ ಕಂಡಕ್ಟರು ಬರಬಹುದಿತ್ತು. "ಅದ್ನ ಟಾಪ್ ಮ್ಯಾಲಾಕಿ ಸಾ" ಎಂದು ಹಠ ಹಿಡಿದು, ಕೊಳವೆಯನ್ನು ತೆಂಗಿನಕಾಯಿ ಮೂಟೆಗಳ ಅಡಿಗೆ ತಳ್ಳಿ ಅಪ್ಪಚ್ಚಿ ಮಾಡಬಹುದಿತ್ತು. ಪಕ್ಕದವನು ಅದರೊಳಗೆ ಬಂದೂಕಿದೆಯೆಂದು ತಿಳಿದು ಚನ್ನರಾಯಪಟ್ಟಣದ ಠಾಣೆಯೆದುರು ಬಸ್ಸು ನಿಲ್ಲಿಸಬಹುದಿತ್ತು. ಇದೆಲ್ಲ ತಪ್ಪಿಸಿಕೊಂಡು ನಾನು ಸೇರಬೇಕಾದ ಮನೆ ಸೇರಿದರೂ, ಆ ಮನೆಯ ಹಿರಿಯಾಕೆ ಬಾಗಿಲಿಗೆ ಅಡ್ಡ ನಿಂತು, "ನಮ್ ಸೊಸೆಗೆ ನೀನ್ಯಾಕಪ್ಪಾ ಚಿತ್ರ ಬರ್ಕೊಡ್ತೀಯಾ?" ಎಂದು ಕೇಳಬಹುದಿತ್ತು. ಆ ಪ್ರಶ್ನೆಗೆ ನಾನು ಸಿದ್ಧಮಾಡಿಕೊಂಡಿದ್ದ ನಾಲ್ಕು ಉತ್ತರಗಳಲ್ಲಿ ನಾಲ್ಕೂ ಅನುಮಾನ ಹುಟ್ಟಿಸುವಂಥವು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ನಾನು ಬರೆದ ಎಲೆಯೊಂದು ತಪ್ಪಾಗಿ, ಅದನ್ನು ನಂಬಿ ಯಾರೋ ಬೇರೆ ಗಿಡ ಅರೆದು, ಇನ್ಯಾರೋ ಕುಡಿದು ಏನೋ ಆಗಿ, ಕೋರ್ಟಿನಲ್ಲಿ "ಈ ಚಿತ್ರ ಬರೆದ ಮಹಾನುಭಾವ ಯಾರು?" ಎಂದಾಗ ನಾನು ಎದ್ದು ನಿಲ್ಲಬೇಕಾಗಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರ ಸಣ್ಣದು. ಇಷ್ಟೆಲ್ಲ ಯೋಚಿಸಿದವನಿಗೆ ಅದೊಂದು ಹೊಳೆಯಲಿಲ್ಲವಲ್ಲ ಎಂಬ ಅವಮಾನ ಮಾತ್ರ ನನಗೆ ವಯಸ್ಸು ಐವತ್ತು ದಾಟಿದರೂ ಹೋಗಿಲ್ಲ.

ಆಗ ನಾನು ಹಾಸನದ ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದೆ. ಐವತ್ತರ ದಶಕದ ಕೊನೆಗೆ ಸೇರಿದವನು, ಅರವತ್ತರ ದಶಕ ಶುರುವಾದರೂ ಅದೇ ಸ್ಟೂಲು, ಅದೇ ಮೇಜು. ಓವರ್‌ಸಿಯರುಗಳು ಬಿಸಿಲಲ್ಲಿ ಅಲೆದು ಪೆನ್ಸಿಲಿನಲ್ಲಿ ಗೀಚಿ ತಂದ ನಕ್ಷೆಯ ಮೇಲೆ ನಯವಾದ ಟ್ರೇಸಿಂಗ್ ಬಟ್ಟೆ ಹಾಸಿ, ಕರಿ ಶಾಯಿಯಲ್ಲಿ ಚೊಕ್ಕ ಪ್ರತಿ ತೆಗೆಯುವುದು ನನ್ನ ಕೆಲಸ. ಓವರ್‌ಸಿಯರ ಕೈ ನಡುಗಿ ಗೆರೆ ಡೊಂಕಾಗಿದ್ದರೆ ನಾವು ನೆಟ್ಟಗೆ ಮಾಡುತ್ತಿದ್ದೆವು. ಒಂದು ಕಡೆ ನಾಲ್ಕು ಮರ, ಇನ್ನೊಂದು ಕಡೆ ಮೂರು ಇದ್ದರೆ ಕೈ ತಾನೇ ನಾಲ್ಕನೆಯದನ್ನು ಇಡಲು ಹೋಗುತ್ತಿತ್ತು. ಆ ಬಟ್ಟೆಗೆ ಗಂಜಿ ಹಾಕಿರುತ್ತಾರೆ. ಒಂದು ಹನಿ ಬೆವರು ತಗಲಿದರೂ ಸುಕ್ಕು. ನನಗೋ ಯೋಚನೆ ಹತ್ತಿದರೆ ಅಂಗೈ ಬೆವರುತ್ತದೆ, ಯೋಚನೆ ಹತ್ತದ ದಿನವೇ ಇಲ್ಲ. ಅದಕ್ಕಾಗಿ ಒಂದು ಡಬ್ಬಿಯಲ್ಲಿ ಸೀಮೆಸುಣ್ಣದ ಪುಡಿ ಇಟ್ಟುಕೊಂಡು ಗಂಟೆಗೊಮ್ಮೆ ಕೈಗೆ ಸವರಿಕೊಳ್ಳುತ್ತಿದ್ದೆ. "ಏನಯ್ಯಾ, ಪೌಡರ್ ಹಾಕ್ಕೊಂಡು ಹೆಣ್ಣು ನೋಡಕ್ಕೆ ಹೊರಟ್ಯಾ?" ಎಂದು ಪಕ್ಕದ ಮೇಜಿನವರು ನಗುತ್ತಿದ್ದರು.

ಹೆಣ್ಣು ನೋಡುವ ಅಗತ್ಯ ನನಗೆ ಇರಲೇ ಇಲ್ಲ. ಅರಕಲಗೂಡಿನ ನನ್ನ ಸೋದರತ್ತೆಗೆ ಒಬ್ಬಳೇ ಮಗಳು. ಅವಳು ಹುಟ್ಟಿದಾಗಲೇ ನನಗೆಂದು ಮಾತಾಗಿತ್ತಂತೆ. ಕಾಲ ಬಂದಾಗ ಅತ್ತೆ ಕೇಳಿದಳು. "ವಸಿ ಯೋಚ್ನೆ ಮಾಡಿ ಹೇಳ್ತೀನಿ" ಎಂದೆ. ನನ್ನ ಯೋಚನೆ ಮುಗಿಯುವುದರೊಳಗೆ ಅವಳನ್ನು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರದ ಮನೆಯೊಂದಕ್ಕೆ ಕೊಟ್ಟು, ಅವಳಿಗೊಂದು ಮಗುವೂ ಆಯಿತು. ಅತ್ತೆ ನನ್ನನ್ನು ಬೈಯಲಿಲ್ಲ. "ನಿನ್ನ ಕಟ್ಕಂಡಿದ್ರೆ ತಾಳಿ ಕಟ್ಟೋ ಒತ್ನಾಗೂ ಯೋಚ್ನೆ ಮಾಡ್ತಾ ನಿಂತ್ಕತಿದ್ದೆ ಬುಡು" ಎಂದಳು, ಅಷ್ಟೇ.

ಅತ್ತೆ ಕಾಮಾಲೆಗೆ ಮದ್ದು ಕೊಡುತ್ತಿದ್ದಳು. ಭಾನುವಾರ ಬೆಳಗಾದರೆ ಕಣ್ಣು ಹಳದಿಯಾದವರು ಕೊಣನೂರು, ರಾಮನಾಥಪುರದ ಕಡೆಯಿಂದ ಬಂದು ಅವಳ ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ, ವಾಸಿಯಾದವರು ಒಂದು ತೆಂಗಿನಕಾಯಿ ತಂದಿಟ್ಟು ಹೋಗಬೇಕು. ಹನ್ನೊಂದು ಬಗೆಯ ಗಿಡ ಅವಳ ಕೈಯಲ್ಲಿದ್ದವು. ರೋಗ ನೋಡಿ ಅದರಲ್ಲಿ ಮೂರೋ ನಾಲ್ಕೋ. ಆ ಮದ್ದಿಗೆ ಕಟ್ಟುಪಾಡುಗಳೂ ಇದ್ದವು. ಗಿಡದ ಹೆಸರನ್ನು ಬಾಯಲ್ಲಿ ಹೇಳಬಾರದು, ಬರೆಯಬಾರದು. ಹೇಳಿದರೆ ಮದ್ದಿನ ಶಕ್ತಿ ಇಳಿದುಹೋಗುತ್ತದೆ. ರೋಗಿ ಬಂದು ಕೂರದೆ ಎಲೆ ಕೀಳಬಾರದು. ಕೀಳುವಾಗ ನಮ್ಮ ನೆರಳು ಗಿಡದ ಮೇಲೆ ಬೀಳಬಾರದು. ಕಲಿಸುವುದಾದರೆ ಒಬ್ಬರಿಗೆ ಮಾತ್ರ, ಅದೂ ಆ ಹೆಣ್ಣು ತಾಯಿಯಾದ ಮೇಲೆ.

ಮಗಳು ತಾಯಿಯಾದಳು. ಆದರೆ ಅಷ್ಟರಲ್ಲಿ ಅತ್ತೆಯ ಎರಡು ಕಣ್ಣಿಗೂ ಪೊರೆ ಬರತೊಡಗಿತ್ತು. ಮಗಳನ್ನು ಬೀಗರು ಯುಗಾದಿಗೆ ಮಾತ್ರ ಎರಡು ದಿನ ಕಳಿಸುತ್ತಿದ್ದರು, ಆಗ ಅರಕಲಗೂಡಿನಲ್ಲಿ ನೆಲವೆಲ್ಲ ಬೋಳು, ಒಂದು ಎಲೆಯೂ ಇಲ್ಲ. ಅರೆಯುವುದು, ಅಳತೆ, ಪಥ್ಯ ಇವನ್ನು ಹೇಳಿಕೊಡಬಹುದು. ಗಿಡವನ್ನು ಹೇಗೆ ತೋರಿಸುವುದು? ಹೆಸರು ಹೇಳುವಂತಿಲ್ಲ, ತೋರಿಸಲು ಗಿಡವಿಲ್ಲ, ಗಿಡ ಇರುವ ಕಾಲಕ್ಕೆ ಮಗಳಿಲ್ಲ.

"ಬರ್ಕೊಡ್ಲಾ ಮಗಾ" ಎಂದಳು ಅತ್ತೆ ಒಂದು ಮಳೆಗಾಲದ ಮೊದಲಲ್ಲಿ. "ನೀನು ಊರು, ಕೆರೆ ಎಲ್ಲಾ ಬರೀತೀಯಂತಲ್ಲ, ಅನ್ನೊಂದ್ ಗಿಡ ಬರ್ಯಾಕಾಗಲ್ವಾ? ಎಸ್ರು ಯೋಳಿದ್ರೆ ತಪ್ಪು. ತೋರ್ಸಿದ್ರೆ ತಪ್ಪಿಲ್ಲ."

"ನಂಗೆ ಗುಟ್ಟು ಗೊತ್ತಾಗಿಬಿಡ್ತದಲ್ಲ ಅತ್ತೆ?"

"ನೀನು ಕೊಡೋನಲ್ಲ ಕಣ್ಲಾ, ಬರಿಯೋನು. ಕುಡ್ಗೋಲ್ ಮುಂದೆ ಯಾರಾನ ಗುಟ್ಟು ಮುಚ್ಚಿಡ್ತಾರಾ?" ಎಂದು ನಕ್ಕವಳು ತಟಕ್ಕನೆ ನಗು ನಿಲ್ಲಿಸಿದಳು. "ನಮ್ಮವ್ವ ಕೊಟ್ಟಿದ್ದು ಇದು. ನನ್ ಜೊತ್ಗೇ ಮಣ್ಣಿಗೋಗ್ಬಾರ್ದು. ಕಣ್ಣು ಇನ್ನೊಂದೋ ಎಲ್ಡೋ ಮಳ್ಗಾಲ ತಡೀಬೌದು. ಅಷ್ಟ್ರೊಳ್ಗೆ ಮುಗ್ಸು."

ಅವತ್ತಿನಿಂದ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಊರು, ಕೆರೆ ಬರೆದವನು ನಿಜ, ಬಣ್ಣ ಮುಟ್ಟಿದವನಲ್ಲ. ಹೊಳೆನರಸೀಪುರದಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ, ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದಾರೆಂದು ಕೇಳಿ, ರೈಲು ಹತ್ತಿ ಹೋದೆ. ಅವರು ತೆಳ್ಳಗೆ, ಎತ್ತರಕ್ಕೆ ಇದ್ದರು. ಪಂಚೆಯ ಮೇಲೆಲ್ಲ ಬಣ್ಣ. ನಾನು ಹಾಸನದ ಅಂಗಡಿಯಲ್ಲಿ ಕೊಂಡು ತಂದಿದ್ದ ಹೊಸ ಬಣ್ಣದ ಪೆಟ್ಟಿಗೆ ತೆರೆದು ತೋರಿಸಿದೆ. ಅವರು ಅದರೊಳಗಿನ ಹಸಿರು ಬಿಲ್ಲೆಯನ್ನು ಚಾಕುವಿನ ಮೊನೆಯಲ್ಲಿ ಎಬ್ಬಿಸಿ ತೆಗೆದು ಕಿಟಕಿಯಾಚೆ ಎಸೆದರು.

"ಏನ್ ಸಾರ್ ಇದು!"

"ಹಸಿರು ಪೆಟ್ಟಿಗೇಲಿ ಇರಲ್ಲ ಕಣ್ರೀ, ಟ್ರೇಸರ್ರೇ. ಹಳದಿಗೆ ನೀಲಿ ಹಾಕಿ. ಅದು ಬಾಳೆಎಲೆ ಅಂಗಡಿ ಥರ ಕಿರಿಚುತ್ತೆ. ಒಂದೇ ಒಂದು ಚಿಟಿಕೆ ಕೆಂಪು ಹಾಕಿ, ಬಾಯಿ ಮುಚ್ಚುತ್ತೆ. ಆಮೇಲೆ ಎಲೆ ಮುಂದೆ ಹಿಡಿದು ನೋಡಿ."

ಎಲೆ ಕಿತ್ತು ಮುಂದೆ ಹಿಡಿಯುವಂತಿಲ್ಲ ಎಂದು ನಾನು ಹೇಳಲಾರದವನಾದೆ. ಗುಟ್ಟು. "ನಾನು ಗಿಡದ ಹತ್ರಾನೇ ಹೋಗ್ತೀನಿ ಸಾರ್" ಎಂದೆ. "ಭೇಷ್! ದೊಡ್ಡ ಕಲಾವಿದರು!" ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ಹಾಸನ ಬರುವವರೆಗೂ ಯೋಚಿಸಿದೆ.

ಒಂದು ಭಾನುವಾರ ಹೊಳೆನರಸೀಪುರ, ಮುಂದಿನ ಭಾನುವಾರ ಅರಕಲಗೂಡು. ಕೀಳುವಾಗ ನೆರಳು ಬೀಳಬಾರದೆಂಬುದು ಅತ್ತೆಯ ನಿಯಮ. ಬರೆಯುವಾಗಲೂ ಬೀಳದಿದ್ದರೆ ಒಳ್ಳೆಯದೇನೋ ಎಂಬುದು ನಾನು ಸೇರಿಸಿಕೊಂಡದ್ದು. ಹಾಗಾಗಿ ಯಾವಾಗಲೂ ಸೂರ್ಯನಿಗೆ ಮುಖ ಕೊಟ್ಟು, ಗಿಡವನ್ನು ಮುಂದಿಟ್ಟುಕೊಂಡು ಕೂರಬೇಕು. ಕಣ್ಣಿಗೆ ಕತ್ತಲೆ ಬರುತ್ತಿತ್ತು. ಬಣ್ಣ ಕಾಗದಕ್ಕೆ ತಾಗುವ ಮೊದಲೇ ಕುಂಚದ ತುದಿಯಲ್ಲಿ ಒಣಗುತ್ತಿತ್ತು. ಸೂರ್ಯ ಸರಿದಂತೆ ನಾನೂ ಸರಿಯಬೇಕು. ಸರಿದರೆ ಎಲೆ ಬೇರೆ ಥರ ಕಾಣುತ್ತದೆ. ಬೇರೆ ಥರ ಕಂಡರೆ ಬರೆದದ್ದು ಸುಳ್ಳಾಗುತ್ತದೆ. ಗಿಡವೊಂದು ಗಡಿಯಾರದ ನಡುವಿನ ಮೊಳೆ, ನಾನು ಅದರ ಸುತ್ತ ಮುಳ್ಳು. ಒಂದು ಗಿಡವಂತೂ ಬಿಸಿಲಿಳಿದದ್ದೇ ಎಲೆಗಳನ್ನೆಲ್ಲ ಮಡಿಸಿಕೊಂಡು ಬಾಗಿಲು ಹಾಕಿಬಿಡುತ್ತಿತ್ತು.

ಜನ ಸುಮ್ಮನಿರುತ್ತಾರೆಯೇ? ಗದ್ದೆಯ ಬದುವಿನ ಮೇಲೆ ಕೂತಿದ್ದಾಗ ಆ ಗದ್ದೆಯ ಯಜಮಾನ ಬಂದು ಹಿಂದೆ ನಿಂತ.

"ಏನ್ ಸಾ, ಸರ್ವೇನಾ?"

"ಇಲ್ಲಪ್ಪ. ಸುಮ್ನೆ, ಗಿಡ ಬರೀತಿದ್ದೀನಿ."

"ಆಪೀಸ್ನೋರಲ್ವಾ ತಾವು?"

"ಆಫೀಸೇ. ಆದ್ರೆ ಇವತ್ತು ಭಾನುವಾರ."

"ಬಾನ್ವಾರಾನೂ ಬಂದು ಕಳೆ ಬರ್ಕತಾವ್ರೆ ಅಂದ್ರೆ ಏನೋ ಐತೆ ಬುಡಿ" ಎಂದು ಆತ ತಲೆಯಾಡಿಸಿ ಹೋದ. ಹದಿನೈದು ದಿನ ಬಿಟ್ಟು ಅರ್ಧ ಆದ ಚಿತ್ರ ಹಿಡಿದು ಹೋದರೆ ಬದು ಬೋಳಿಸಿದ ತಲೆಯ ಹಾಗಿತ್ತು. ಯಜಮಾನ ಕೈ ಮುಗಿದು, ನಾಚಿಕೊಂಡು ಹೇಳಿದ. "ತಾವು ಬಂದು ಕಳೆ ಲೆಕ್ಕ ಬರ್ಕಂಡೋದ್ರಿ ಸಾ. ಮಾನ ಓದಂಗಾಯ್ತು. ಒಂದು ಕಡ್ಡೀನೂ ಬುಟ್ಟಿಲ್ಲ ನೋಡಿ, ಎಲ್ಲಾ ಕಿತ್ತಾಕ್ಸಿವ್ನಿ. ಎಂಗೈತೆ?"

"ಚೆನ್ನಾಗಿದೆ" ಎಂದೆ. ಬೇರೇನು ಹೇಳಲಿ. ನನ್ನ ಕಾಗದದಲ್ಲಿ ಅರ್ಧ ಗಿಡ, ಅವನ ತಿಪ್ಪೆಯಲ್ಲಿ ಇನ್ನರ್ಧ. ಅತ್ತೆಗೆ ಹೇಳಿದರೆ, "ಮದ್ದು ತಿಪ್ಪೆ ಪಾಲಾಯ್ತಲ್ಲೋ" ಎಂದು ಒಂದು ಗಂಟೆ ಗೊಣಗಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹೇಗೋ ಹನ್ನೊಂದೂ ಆದವು. ನೋಡಿದಷ್ಟೂ ಅಂದವಾಗಿದ್ದವು. ಕಡ್ಡಿ ನೆಟ್ಟಗೆ, ಎಡಕ್ಕೊಂದು ಎಲೆ, ಬಲಕ್ಕೊಂದು ಎಲೆ, ಎಲ್ಲ ಒಂದೇ ಅಳತೆ; ಮದುವೆ ಪಂಕ್ತಿಗೆ ಹಾಸಿದ ಹಾಗೆ. ಅತ್ತೆಯ ಮುಂದೆ ಒಂದೊಂದಾಗಿ ಹರಡಿದೆ. ಅವಳು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು, ಓರೆ ಮಾಡಿದಳು, ಬೆಳಕಿಗೆ ತಿರುಗಿಸಿದಳು. ಕಾಣುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಇಷ್ಟವಿಲ್ಲದೆ, "ಕಾಗ್ದ ಚಂದಾಗೈತೆ" ಎಂದಳು. ಆಮೇಲೆ ನನ್ನ ಹೆಗಲು ಹಿಡಿದು ಹಿತ್ತಲಿಗೆ ನಡೆದಳು. ಬಾವಿಕಟ್ಟೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಗಿಡವನ್ನು ಕೀಳದೆ, ಬರೀ ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರುತ್ತ ಕೇಳತೊಡಗಿದಳು.

"ಇದ್ನ ಬರ್ದಿರೋದು ತಗಿ. ಎಲೆ ಎದುರಾಬದ್ರಾ ಅವಾ, ಮೆಟ್ಲುಮೆಟ್ಲಾಗವಾ?"

ಕಾಗದ ನೋಡಿದೆ. "ಎದುರುಬದುರು."

"ಅಂಗಾರೆ ಅದು ನನ್ ಗಿಡ ಅಲ್ಲ."

ಬಗ್ಗಿ ನೋಡಿದೆ. ಅವಳ ಬೆರಳ ಕೆಳಗೆ ಎಲೆಗಳು ಒಂದು ಎಡಕ್ಕೆ, ಸ್ವಲ್ಪ ಮೇಲೆ ಇನ್ನೊಂದು ಬಲಕ್ಕೆ, ಮೆಟ್ಟಿಲು ಹತ್ತುತ್ತಿದ್ದವು. ಮೂರು ಭಾನುವಾರ ಅದರ ಮುಂದೆಯೇ ಕೂತಿದ್ದೆ.

"ಕಾಯಿ ಎಲ್ಲಿಟ್ಟಿದ್ದೀಯಾ?"

"ಎಲೆ ಮೇಲೆ ಅತ್ತೆ. ಕಾಣ್ಲಿ ಅಂತ."

"ಇದು ಮಗೀನ ಬೆನ್ನಿಗೆ ಕಟ್ಕಂಡಂಗೆ ಕಟ್ಕತದೆ ಕಣ್ಲಾ, ಎಲೆ ತಳ್ದಾಗೆ. ನೀನು ತಲೆ ಮ್ಯಾಲೆ ಒರ್ಸಿದ್ದೀಯಾ. ಕಡ್ಡಿ ಕೆಂಪಾ, ಅಸ್ರಾ?"

"ಒಂಚೂರು ಕೆಂಪು. ಅಂದಕ್ಕೆ."

ಅತ್ತೆ ಗಿಡದಿಂದ ಬೆರಳು ತೆಗೆದಳು. "ಕೆಂಪು ಕಡ್ಡೀದು ಇದ್ರ ದಾಯಾದಿ. ನೋಡಕ್ಕೆ ಇದೇ. ಅದು ಮದ್ದಲ್ಲ" ಎಂದಳು, ತೀರ ಮೆತ್ತಗೆ. ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದರಲ್ಲಿ ಏಳು ತಪ್ಪಾಗಿದ್ದವು. ಉಳಿದ ನಾಲ್ಕು ಸರಿಯಾಗಿದ್ದದ್ದು, ಆ ಗಿಡಗಳೇ ಹುಟ್ಟಿನಿಂದ ಟ್ರೇಸರ್ ಸ್ವಭಾವದವಾದ್ದರಿಂದ. ಚಿತ್ರಗಳನ್ನು ಸುತ್ತಿಕೊಂಡು ಮೇಷ್ಟ್ರ ಹತ್ತಿರ ಹೋದೆ. ಅವರು ನೋಡಿ, "ನಿಮ್ಮ ಕೈ ಹೇಳಿದ ಮಾತು ಕೇಳುತ್ತೆ ಕಣ್ರೀ, ಕಣ್ಣು ಕೇಳಲ್ಲ. ನೀವು ಗಿಡ ಹೇಗಿರಬೇಕೋ ಹಾಗೆ ಬರ್ದಿದ್ದೀರಿ. ಹೇಗಿದೆಯೋ ಹಾಗೆ ಬರೀರಿ. ಡೊಂಕಿದ್ರೆ ಡೊಂಕು, ಹರಿದಿದ್ರೆ ಹರಿದದ್ದು. ಬಿಡಬೇಡಿ, ಸೇರಿಸಬೇಡಿ" ಎಂದರು. ಈ ಕೊನೆಯ ಎರಡು ಪದಗಳನ್ನು ನಾನು ದಾರಿಯುದ್ದಕ್ಕೂ ಮಂತ್ರದಂತೆ ಹೇಳಿಕೊಂಡೆ. ಮುಂದೆ ಆದದ್ದಕ್ಕೆ ಆ ಮಂತ್ರವೇ ಕಾರಣ. ಮೇಷ್ಟ್ರ ತಪ್ಪೇನಿಲ್ಲ, ನನ್ನಂಥವನ ಕಿವಿಗೆ ಹೇಳಿದರು, ಅಷ್ಟೇ.

ಯುಗಾದಿಗೆ ಮಗಳು ಬಂದು ಹೋದಳು. ಅರೆಯುವುದನ್ನು, ಅಳತೆಯನ್ನು, ಪಥ್ಯವನ್ನು ಕಲಿತಳು. ನೆಲ ಬೋಳು, ಚಿತ್ರವಿಲ್ಲ. ನಾನು ಆ ಎರಡು ದಿನ ಅರಕಲಗೂಡಿನ ಕಡೆ ತಲೆ ಹಾಕಲಿಲ್ಲ. ಕಚೇರಿಯಲ್ಲಿ ಕೆಲಸವಿದೆ ಎಂದೆ. ಹಬ್ಬದ ದಿನ ಕಚೇರಿ ಬೀಗ ಹಾಕಿತ್ತು.

ಎರಡನೆಯ ಮಳೆಗಾಲ ನನ್ನನ್ನು ಇನ್ನಷ್ಟು ಓಡಾಡಿಸಿತು. ಮೊದಲ ವರ್ಷ ಎಲ್ಲಿದ್ದವೋ ಅಲ್ಲಿ ಗಿಡಗಳಿರಲಿಲ್ಲ. ಒಂದು ಅರಕಲಗೂಡಿನ ಕೋಟೆಯ ಕಡೆ ಸಿಕ್ಕಿತು, ಇನ್ನೊಂದಕ್ಕೆ ಹಳೇಕೋಟೆ ಎಂಬ ಊರಿನವರೆಗೂ ಹೋಗಬೇಕಾಯಿತು. ಈ ಸಲ ಎಲ್ಲವನ್ನೂ ಬರೆದೆ. ಬಾಗಿದ ಕಡ್ಡಿ, ಬಾಡಿದ ತುದಿ, ಉದುರಿದ ಎಲೆಯ ಗಾಯ. ಕಡ್ಡಿಯ ಬಣ್ಣಕ್ಕೇ ಎರಡು ಭಾನುವಾರ ಕೊಟ್ಟೆ. ಎಲೆಯೆಷ್ಟೆಂದು ಎಣಿಸಿ ಬರೆಯುತ್ತಿದ್ದೆ, ಬರೆದ ಮೇಲೆ ಮತ್ತೆ ಎಣಿಸುತ್ತಿದ್ದೆ, ಬಸ್‌ಸ್ಟ್ಯಾಂಡಿನವರೆಗೆ ಹೋದವನು ಅನುಮಾನ ಬಂದು ವಾಪಸು ಬಂದು ಮೂರನೇ ಸಲ ಎಣಿಸುತ್ತಿದ್ದೆ. ಕಡೇ ಬಸ್ಸು ತಪ್ಪಿಸಿಕೊಂಡು ಅತ್ತೆಯ ಜಗಲಿಯಲ್ಲಿ ಮಲಗಿದ್ದುಂಟು.

ಒಂಬತ್ತನೆಯ ಗಿಡ ಕೆರೆಯಂಚಿನದು. ಅದರ ಮೂರನೆಯ ಎಲೆಯ ಮೇಲೆ ಒಂದು ಬಿಳಿ ಗೆರೆ, ದಾರದಷ್ಟು ಸಣ್ಣದು, ಬುಡದಲ್ಲಿ ಹೊರಟು ಸುತ್ತಿ ಬಳಸಿ, ತನ್ನನ್ನೇ ತಾನು ದಾಟಿ, ಅಂಚಿನ ಹತ್ತಿರ ನಿಂತಿತ್ತು. ನೋಡಿದರೆ ಹೇಮಾವತಿ ಹೊಳೆಯ ನಕ್ಷೆ. ಬಿಳಿ ಬಣ್ಣ ಹಚ್ಚುವಂತಿಲ್ಲ ಎಂದು ಮೇಷ್ಟ್ರು ಹೇಳಿದ್ದರು; ಬಿಳಿ ಬೇಕಾದ ಕಡೆ ಕಾಗದವನ್ನೇ ಬಿಟ್ಟುಕೊಳ್ಳಬೇಕು. ಹಾಗೆ ಕೂದಲೆಳೆಯಷ್ಟು ಕಾಗದ ಬಿಟ್ಟು, ಎರಡು ಕಡೆಯಿಂದಲೂ ಹಸಿರು ತುಂಬುತ್ತ ಬಂದೆ. ಜೀವಮಾನದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇಷ್ಟು ನಾಜೂಕಾದದ್ದು ಇನ್ನೊಂದಿಲ್ಲ. ಆ ಹೊತ್ತು ಅಂಗೈ ಬೆವರಲಿಲ್ಲ. ಸುಮಾರು ಒಂದು ಗಂಟೆ ನಾನು ಏನನ್ನೂ ಯೋಚಿಸಿರಲಿಲ್ಲ ಎಂಬುದು ಮುಗಿದ ಮೇಲೆ ತಿಳಿದು ಗಾಬರಿಯಾಯಿತು.

ಮೇಷ್ಟ್ರು ಆ ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ತುಂಬ ಹೊತ್ತು ನೋಡಿದರು. "ಇದು ಬಂತು ನೋಡಿ" ಎಂದರು. ಅವರು ಹಾಗೆಂದದ್ದು ಅದೊಂದೇ ಸಲ.

ಅತ್ತೆ ಹಿಂದಿನಂತೆಯೇ ಗಿಡ ಸವರುತ್ತ ಪರೀಕ್ಷೆ ಮಾಡಿದಳು. ಎಲೆ ಮೆಟ್ಟಿಲೇ? ಮೆಟ್ಟಿಲು. ಅಂಚು ಗರಗಸವೇ? ಗರಗಸ. ಎಲೆಯ ಬೆನ್ನು ಒರಟೇ? ಒರಟು ಕಾಣುವಂತೆ ಮಾಡಿದ್ದೇನೆ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಸರಿಯಾಗಿತ್ತು. ಬೆರಳಿಗೆ ತಾಗದ್ದನ್ನು ಅವಳು ಕೇಳಲಿಲ್ಲ, ಕೇಳದ್ದನ್ನು ನಾನು ಹೇಳಲಿಲ್ಲ. ಆ ಹೊತ್ತಿಗೆ ಅವಳಿಗೆ ನನ್ನ ಮುಖವೂ ಮಬ್ಬು. "ನಾ ಇನ್ನು ಕೊಡಲ್ಲ. ಎಲೆ ಕಾಣ್ದೆ ಎಂಗ್ ಕೊಡ್ಲಿ? ಬಂದೋರ್ನ ಚನ್ರಾಯಪಟ್ಣಕ್ಕೆ ಕಳಿಸ್ತೀನಿ. ದೀಪಾವಳಿ ಕಳುದ್ರೆ ನೆಲ ಒಣಗ್ತದೆ. ಅಷ್ಟ್ರೊಳ್ಗೆ ತಲುಪ್ಸು" ಎಂದಳು.

ಹಾಗೆ ನಾನು ಆ ಕೊಳವೆ ಹಿಡಿದು ಬಸ್ಸು ಹತ್ತಿದ್ದು.

ಬಸ್ಸು ಕೆಡಲಿಲ್ಲ. ಕಂಡಕ್ಟರು ನನ್ನ ಕಡೆ ನೋಡಲೇ ಇಲ್ಲ. ಚನ್ನರಾಯಪಟ್ಟಣದ ಆ ಮನೆಯಂಗಳದಲ್ಲಿ ಕಾಯಿಯ ರಾಶಿ, ಸಿಪ್ಪೆಯ ರಾಶಿ, ನಡುವೆ ಮಗಳ ಅತ್ತೆ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. "ಬಾಪ್ಪಾ, ಅರ್ಕಲಗೂಡ್ನೋರು ಅಪ್ರೂಪ. ಏನದು, ಕೊಳಾಯಾ?" ಎಂದರು.

"ಪಟ ಅಮ್ಮ. ಅತ್ತೆ ಕೊಟ್ಕಳಿಸಿದ್ರು."

"ದೇವ್ರ ಪಟಾನಾ?"

"ಅಲ್ಲ. ಗಿಡದ್ದು."

ಒಂದು ಹಾಳೆ ಬಿಡಿಸಿ ನೋಡಿದರು. ನನ್ನ ನಾಲ್ಕು ಉತ್ತರಗಳೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಆಕೆ ಗೊಳ್ಳೆಂದು ನಕ್ಕರು. "ಕೇಳಿದ್ಯೇನೇ! ಸೀರೆ ಕಳ್ಸು ಅಂದ್ರೆ ನಿಮ್ಮವ್ವ ಸೊಪ್ಪು ಕಳ್ಸವ್ಳೆ, ಅದೂ ಕಾಗ್ದದ್ದು! ಸಾರಿಗೂ ಆಗಲ್ಲ!" ಅಷ್ಟೇ. ಊಟಕ್ಕೆ ಏಳು ಎಂದರು.

ಅತ್ತೆಯ ಮಗಳು ಮಾತ್ರ ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಹನ್ನೊಂದನ್ನೂ ಒಂದೊಂದಾಗಿ ನೋಡಿದಳು. ಹೆಸರು ಕೇಳಲಿಲ್ಲ; ಕೇಳಬಾರದೆಂದು ಅವಳಿಗೂ ಗೊತ್ತು. ನಾನು ಬರೆದ ನಕ್ಷೆಗಳಲ್ಲೆಲ್ಲ ಮೂಲೆಯಲ್ಲಿ ಹೆಸರು, ಅಳತೆ, ವಿವರಣೆ ಇರುತ್ತವೆ. ಇವುಗಳ ಮೂಲೆ ಖಾಲಿ.

"ಬಿಸ್ಲಾಗೆ ಕುಂತು ಬರ್ದ್ಯಾ ಭಾವ?" ಎಂದಳು.

"ನೆರಳು ಬೀಳಬಾರ್ದಲ್ಲ."

"ಅದು ಕೀಳೋವಾಗ."

"ಇರ್ಲಿ ಅಂತ."

"ನೀನು ಅಂಗೇ ಇದ್ದೀಯಾ" ಎಂದು ಹಾಳೆಗಳನ್ನು ಸುತ್ತಿ ಕೊಳವೆಯೊಳಗಿಟ್ಟು ಒಳಗೆ ಹೋದಳು.

ಮೂರು ವಾರ ಕಳೆಯಿತು. ಕಚೇರಿಯಲ್ಲಿ ಸೀಮೆಸುಣ್ಣದ ಪುಡಿ ಎರಡು ಡಬ್ಬಿ ಖರ್ಚಾಯಿತು. ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ಹುಡುಕುತ್ತಿದ್ದುದು ಚನ್ನರಾಯಪಟ್ಟಣದ ಸುದ್ದಿ. ತಡೆಯಲಾರದೆ ಇನ್ನೊಂದು ಭಾನುವಾರ, ಯಾರೂ ಕರೆಯದೆ, ಬಸ್ಸು ಹತ್ತಿದೆ.

ಜಗಲಿಯ ಮೇಲೆ ಮರ ಹತ್ತಿ ಕಾಯಿ ಕೀಳುವ ಆಳೊಬ್ಬ ಟವೆಲು ಹೊದ್ದು ಕೂತಿದ್ದ. ತಲೆ ಎತ್ತಿದ. ಕಣ್ಣು ಅರಿಶಿನ. ಮದ್ದು ಕೊಟ್ಟಾಗಿದೆಯೋ, ಇನ್ನೂ ಕೊಡಬೇಕೋ? ಯಾವುದು ಕೆಟ್ಟದ್ದೋ ಗೊತ್ತಾಗಲಿಲ್ಲ.

"ಓದ್ ಬಾನ್ವಾರಾನೇ ಬಂದಿದ್ದೆ ಸಾ. ಅವ್ವ ಇನ್ನೊಂದೆಲೆ ಸಿಕ್ಕಿಲ್ಲ, ಮುಂದ್ಲು ವಾರ ಬಾ, ಅಲ್ಲೀಗಂಟ ಆಸ್ಪತ್ರೆಗಾನ ತೋರ್ಸು ಅಂತು. ಆಸ್ಪತ್ರೆ ಸೀಸೆ ಕುಡೀತಿವ್ನಿ. ಇದೂ ಇರ್ಲಿ ಅಂತ ಬಂದೆ" ಎಂದ.

ಅತ್ತೆಯ ಮಗಳು ಹಿತ್ತಲಲ್ಲಿದ್ದಳು. ಮುಖ ಬಿಸಿಲಿಗೆ ಕಂದಿತ್ತು, ಸೀರೆಯಂಚಿನ ತುಂಬ ಹುಲ್ಲುಬೀಜ. ನನ್ನನ್ನು ಕಂಡದ್ದೇ ಒಳಗಿನಿಂದ ಒಂಬತ್ತನೆಯ ಹಾಳೆ ತಂದು ಹಿಡಿದಳು.

"ಅತ್ತೂ ಸಿಕ್ಕಿದೊ ಭಾವ, ನೋಡಿದ್ ತಕ್ಷಣ ಗೊತ್ತಾದೊ. ಅಷ್ಟು ಚಂದಾಗ್ 'ಇದೇ ನಾನು' ಅಂತ ನಿಂತವೆ. ಇದೊಂದು ಸಿಕ್ಕಲ್ಲ. ಕೆರೆ ಏರಿ ಉದ್ದಕ್ಕೂ ನೋಡ್ದೆ, ಕಾಲ್ವೆ ಮಗ್ಗುಲು ನೋಡ್ದೆ. ಇದ್ರಂಗೇ ಇರೋದು ಬೇಕಾದಷ್ಟವೆ. ಆದ್ರೆ ಗೆರೆ ಇಲ್ಲ."

"ಯಾವ ಗೆರೆ?"

"ಇದು" ಎಂದು ಬೆರಳಿಟ್ಟಳು. ನನ್ನ ಹೇಮಾವತಿ. "ಮೂರ್ನೇ ಎಲೇಲಿ. ಎಲ್ಲಾ ಗಿಡದ್ದೂ ಮೂರ್ನೇ ಎಲೆ ತಿರ್ಗಿಸ್ ತಿರ್ಗಿಸ್ ನೋಡ್ದೆ. ಇದ್ರ ದಾಯಾದೀನೇ ಎಲ್ಲಾ ಕಡೆ ಬೆಳ್ದೈತೆ, ಇದು ಮಾತ್ರ ಇಲ್ಲ."

ನಾನು ಕೆಳಗೆ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಸೋಪಿನ ನೀರು ಹರಿಯುವ ಕಡೆ, ಆ ಗಿಡ ಹಾಸಿಗೆ ಹಾಸಿದಂತೆ ಬೆಳೆದಿತ್ತು. ಅವಳು ಅದರ ನಡುವೆ ನಿಂತಿದ್ದಳು.

"ಅದು ಗಿಡದ್ದಲ್ಲ" ಎಂದೆ. "ಹುಳ. ಎಲೆಯೊಳಗೆ ಹುಳ ತಿಂದುಕೊಂಡು ಹೋದ ದಾರಿ."

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು, ಕಾಲ ಕೆಳಗೆ ನೋಡಿದಳು.

"ಉಳಾನೂ ಬರ್ದ್ಯಾ?"

"ಇತ್ತಲ್ಲ. ಬಿಡಬಾರ್ದು ಅಂದಿದ್ರು."

ಅವಳು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಕುಲುಕಿಸಿ. ಆಮೇಲೆ ಎದ್ದು, ಬಿಸಿಲು ಯಾವ ಕಡೆಯಿದೆಯೆಂದು ನೋಡಿ, ನೆರಳು ಬೀಳದಂತೆ ಆಚೆ ಮಗ್ಗುಲಿಗೆ ಹೋಗಿ ಬಾಗಿ, ಜಗಲಿಯಲ್ಲಿದ್ದವನಿಗಾಗಿ ಒಂದು ಹಿಡಿ ಎಲೆ ಕಿತ್ತಳು. ಅವನು ವಾಸಿಯಾದ. ಎಲೆಯಿಂದಲೋ ಸೀಸೆಯಿಂದಲೋ ಎಂದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ತೆಂಗಿನಕಾಯಿಯನ್ನಂತೂ ಅವನು ಅವಳ ಮನೆಗೇ ತಂದಿಟ್ಟ.

"ಆ ಹಾಳೆ ಕೊಡು, ಗೆರೆಗೆ ಹಸಿರು ತುಂಬಿ ತರ್ತೀನಿ" ಎಂದೆ ಹೊರಡುವಾಗ.

"ಬ್ಯಾಡ, ಇರ್ಲಿ" ಎಂದಳು. "ಉಳ ತಿಂದೈತೆ ಅಂದ್ರೆ ಇಸ ಅಲ್ಲ ಅಂತ ಗೊತ್ತಾಯ್ತದೆ."

ಅದು ನಿಜವೆನಿಸಿ, ಎರಡು ವರ್ಷದಿಂದ ಎದೆಯ ಮೇಲಿದ್ದ ಕೋರ್ಟು, ಕಟಕಟೆ ಎಲ್ಲ ಇಳಿದು ಹೋಗಿ, ಹಗುರಾಗಿ ಬಸ್‌ಸ್ಟ್ಯಾಂಡಿಗೆ ನಡೆದೆ. ವಿಷದ ಎಲೆಯನ್ನೇ ತಿಂದು ಬದುಕುವ ಹುಳುಗಳೂ ಇರುತ್ತವೆ ಎಂದು ಹೊಳೆದದ್ದು ಬಸ್ಸು ಶಾಂತಿಗ್ರಾಮ ದಾಟಿದ ಮೇಲೆ.